ಅವ್ವನ ಬೈಬಲ್ಲಿನ ಸೆರಗು

ಒಂದೇ ಮನೆಯಲ್ಲಿ ಎರಡು ನಮೂನೆ ಬೈಬಲ್ ಇದ್ದರೆ ನಗುವ ಪ್ರಸಂಗ ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಬಂದು ಪಂಕ್ತಿಗೆ ಕೂಡುತ್ತವೆ. ನಾನು ಕಥೋಲಿಕರ ಮಗಳು, ಕೊಟ್ಟಿದ್ದು ಇಳಕಲ್ಲಿನ ಪ್ರೊಟೆಸ್ಟೆಂಟ್ ನೇಕಾರರ ಮನೆಗೆ. ಅವ್ವ ಕೊಟ್ಟು ಕಳಿಸಿದ ಬೈಬಲ್ಲಿನಲ್ಲಿ ಇವರದರಲ್ಲಿ ಇಲ್ಲದ ಏಳು ಪುಸ್ತಕಗಳಿವೆ. ಅತ್ತೆ ಈಗಿಲ್ಲ. ಜಗಳಕ್ಕೆ ಜನವಿಲ್ಲದೆ ಮನೆ ಬಿಕೋ ಅನ್ನುತ್ತದೆ.

ಮೊದಲ ಸಂಜೆ

ಪ್ರಾರ್ಥನೆಗೆ ಓದು ಅಂದರು. ಅವ್ವನ ಬೈಬಲ್ಲಿನಲ್ಲಿ ಆ ಏಳರಲ್ಲೊಂದಾದ ತೊಬಿತನ ಪುಸ್ತಕ ತೆಗೆದೆ. ಮಾವ ತಮ್ಮ ಬೈಬಲ್ಲನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿದರು. ಸಿಗಲಿಲ್ಲ.

"ಇದನ್ನ ನಿಮ್ಮ ತವರುಮನ್ಯಾಗ ಕುಂತು ಬರದೀರೇನ?" ಅಂದರು ಅತ್ತೆ.

ಅವ್ವನ ಬೈಬಲ್ಲು ಪ್ರಾರ್ಥನೆಯ ಮೇಜಿನಿಂದ ಎದ್ದು ಜೋಳದ ಚೀಲದ ಮೇಲೆ ಹೋಗಿ ಕೂತಿತು. ಅದನ್ನು ಮತ್ತೆ ಮೇಜಿಗೆ ತರದಿದ್ದರೆ ನಾನು ಅವ್ವನ ಮಗಳೇ ಅಲ್ಲ ಅಂದುಕೊಂಡೆ.

ಮಗ್ಗದ ಮುಂದೆ

ನಮ್ಮ ಸೀರೆಯ ಒಡಲಿನ ಹಾಸು, ಅಂದರೆ ಉದ್ದೆಳೆ, ಬೇರೆ, ಸೆರಗಿನ ಹಾಸು ಬೇರೆ. ಅತ್ತೆ ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾ, "ನಿಮ್ಮ ಏಳು ಪುಸ್ತಕ ಆಮ್ಯಾಲೆ ಜೋಡಿಸಿದ್ದವ" ಎಂದು ಚುಚ್ಚಿದರು.

"ಸೆರಗೂ ಜೋಡಿಸಿದ್ದ ಅಲ್ಲೇನ್ರಿ ಅತ್ತಿ? ಸೆರಗಿಲ್ಲದ ಸೀರಿ ಉಟ್ಟು ಚರ್ಚಿಗೆ ಬರ್ತೀರೇನು?"

ಮಾವ ಕೆಮ್ಮು ಬಂದವರಂತೆ ಹೊರಗೆ ಓಡಿದರು.

ಗುಬ್ಬಿ ಮತ್ತು ಮೀನು

ನನಗೊಬ್ಬ ಮಗಳು ಹುಟ್ಟುವ ಹೊತ್ತಿಗೆ ಅತ್ತೆಯ ಕಣ್ಣಿಗೆ ಪೊರೆ ಬಂತು. ಮಧ್ಯಾಹ್ನ ಮಗಳನ್ನು ಮಲಗಿಸಿ ನಾನೇ ಅವರಿಗೆ ಬೈಬಲ್ ಓದಿ ಹೇಳಬೇಕು. ಒಂದು ದಿನ ಅತ್ತೆ ಕೇಳಿದರು:

"ಕಣ್ಣಿಂದೇನರ ಐತೇನ?"

"ಐತ್ರಿ. ಆದ್ರ ಚೀಲದ ಮ್ಯಾಲಿನ ಪುಸ್ತಕದಾಗ."

ಅತ್ತೆ ಬಾಗಿಲ ಕಡೆ ಕಿವಿ ಇಟ್ಟರು. "ನಿಮ್ಮ ಮಾವ ಇಲ್ಲಲ್ಲ? ಓದು."

ಗೋಡೆಯ ಪಕ್ಕ ಮಲಗಿದ್ದ ತೊಬಿತನ ಕಣ್ಣಿಗೆ ಗುಬ್ಬಿ ಹಿಕ್ಕೆ ಬಿದ್ದು ಕುರುಡಾದದ್ದು, ಮಗ ಮೀನಿನ ಪಿತ್ತ ಹಚ್ಚಿ ಕಣ್ಣು ಬರಿಸಿದ್ದು, ಎಲ್ಲ ಓದಿದೆ. ಮರುದಿನ ನೋಡಿದರೆ ಅತ್ತೆ ಮಲಗುವ ಹೊರಸು ಪಡಸಾಲೆಯ ಗುಬ್ಬಿಗೂಡಿನ ಕೆಳಗಿನಿಂದ ಅಡುಗೆಮನೆ ಬಾಗಿಲಿಗೆ ಬಂದಿತ್ತು. ಮೀನಿನವಳು ಬಂದಾಗಂತೂ, "ಪಿತ್ತ ತಗದ ಒಗೀಬ್ಯಾಡವಾ, ನನಗ ಬೇಕು" ಅಂದರು.

ನಾನು ಮೀನಿನವಳನ್ನು ಸಾಗಹಾಕಿ, ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆಂದು ಬಾಗಲಕೋಟೆ ಬಸ್ಸು ಹತ್ತಿಸಿದೆ.

ಸಾಕ್ಷಿ

ಆಪರೇಷನ್ ಆಗಿ ಕಣ್ಣು ಚೆನ್ನಾಗಿ ಕಂಡಿತು. ಭಾನುವಾರ ಚರ್ಚಿನಲ್ಲಿ, ದೇವರು ಮಾಡಿದ ಉಪಕಾರಕ್ಕೆ ಎಲ್ಲರ ಮುಂದೆ ಸಾಕ್ಷಿ ಹೇಳಲು ಅತ್ತೆ ಎದ್ದರು. "ತೊಬಿತಗ ಕಣ್ಣು ಕೊಟ್ಟ ದೇವರು ನನಗೂ ಕೊಟ್ಟ!"

ಚರ್ಚಿನ ತುಂಬ ಹಾಳೆ ತಿರುವುವ ಸದ್ದು. ಪಾದ್ರಿಯವರು ತಲೆ ಎತ್ತಿ, "ಅದು ಎಲ್ಲೈತ್ರಿ ಅಮ್ಮಾರ?" ಅಂದರು.

"ಹುಡುಕಬ್ಯಾಡ್ರಿ. ನಿಮ್ಮ ಸೀರಿಗೆ ಸೆರಗಿಲ್ಲ. ನಮ್ಮ ಮನ್ಯಾಗ ಪ್ರಾರ್ಥನಾ ಮೇಜಿನ ಮ್ಯಾಲೆ ಐತಿ, ಬಂದು ಓದ್ರಿ."

ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅತ್ತೆ ಕೂತು ನನ್ನ ಪಕ್ಕೆಗೆ ತಿವಿದರು:

"ಅಳಬ್ಯಾಡಲೇ, ಓಡು! ಪಾದ್ರಿ ಬರೋದ್ರಾಗ ಚೀಲದ ಮ್ಯಾಲಿಂದು ತಗದು ಮೇಜಿನ ಮ್ಯಾಲಿಡು!"