ಒಂಬತ್ತಕ್ಕೆ ನಿಂತ ಮ್ಯಾಜಿಕ್

ಮಾತು ಅರ್ಧಂಬರ್ಧ ತಿಳಿಯುವ ಊರಿನಲ್ಲಿ ಸಂಸಾರ ಹೂಡಿದವನಿಗೆ ಇಂಥ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಟೋಕಿಯೋದ ಫುನಾಬೊರಿಗೆ ನಾವು ಬಂದು ಹನ್ನೊಂದು ವರ್ಷವಾಯಿತು. ನಾನು ಓದಿದ್ದು ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ. ಅಲ್ಲಿ ಕಲಿತ ಮಗ್ಗಿ, ಮನೆಯಲ್ಲಿ ಅಮ್ಮನಿಂದ ಕಲಿತ ಪೂಜೆ, ಇವೆರಡನ್ನು ಎಲ್ಲಿಗೆ ಹೋದರೂ ಬಿಟ್ಟಿಲ್ಲ. ಎರಡೂ ಸೇರಿ ಕಳೆದ ವರ್ಷ ಒಂದು ಬೇಸ್‌ಬಾಲ್ ತಂಡವನ್ನು ಏನು ಮಾಡಿದವು ಎಂಬುದನ್ನು ಯಾರಿಗಾದರೂ ಹೇಳದೆ ನನಗೆ ಸಮಾಧಾನವಿಲ್ಲ. ತಂಡದ ಹೆಸರು ಬೇಡ. ಸೋತವರ ಹೆಸರು ಹೇಳಿ ಆಗಬೇಕಾದ್ದೇನಿದೆ.

೧. ಚೆನ್ನಾಗಿ ಕೇಳಿಸುವ ಗಂಟೆ

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಹಿರಿಯರಿದ್ದಾರೆ, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ನಾನು ಅವರನ್ನು ಓಜೀಸಾನ್, ಅಂದರೆ ಅಜ್ಜ, ಎನ್ನುತ್ತೇನೆ. ನನ್ನ ಹೆಸರು ಅವರ ನಾಲಗೆಗೆ ಒಗ್ಗುವುದಿಲ್ಲ. ಹಾಗಾಗಿ ನಾನು ಅವರಿಗೆ ಇಂದೋ-ಸಾನ್, ಇಂಡಿಯಾದವರು.

ಒಂದು ದಿನ ಲಿಫ್ಟಿನಲ್ಲಿ ಸಿಕ್ಕವರು, ಸಂಜೆ ಆರಕ್ಕೆ ನಿಮ್ಮ ಮನೆಯ ಗಂಟೆ ಬಹಳ ಚೆನ್ನಾಗಿ ಕೇಳಿಸುತ್ತದೆ ಎಂದರು. ಮನೆಯಿಂದಲೇ ಕೆಲಸ ಮಾಡುವುದರಿಂದ ಸಂಜೆಯ ಮಂಗಳಾರತಿಯನ್ನು ನಾನು ತಪ್ಪಿಸುವುದಿಲ್ಲ. ಹೊಗಳಿದರು ಎಂದು ಸಂತೋಷದಿಂದ ಮರುದಿನ ವಿಡಿಯೋ ಕರೆಯಲ್ಲಿ ಆಫೀಸಿನ ಕನ್ನಡದವರೊಬ್ಬರಿಗೆ ಹೇಳಿದೆ. ಅವರು ತಲೆ ಚಚ್ಚಿಕೊಂಡರು. "ಸಾರ್, ಇಲ್ಲಿ ಅದಕ್ಕೆ ಕಂಪ್ಲೇಂಟ್ ಅಂತಾರೆ. ಚೆನ್ನಾಗಿ ಕೇಳಿಸುತ್ತೆ ಅಂದ್ರೆ ನಿಲ್ಸಿ ಅಂತ ಅರ್ಥ."

ನನಗೆ ನಾಚಿಕೆಯಾಯಿತು. ಅಂದಿನಿಂದ ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದು, ಸದ್ದಿಲ್ಲದೆ ಆಡಿಸಿ ಪೂಜೆ ಮುಗಿಸುತ್ತಿದ್ದೆ. ವಾರ ಕಳೆದ ಮೇಲೆ ಅಜ್ಜ ಸಿಹಿಯ ಪೊಟ್ಟಣ ಹಿಡಿದು ಬಾಗಿಲಿಗೆ ಬಂದರು. ಮೂರು ಸಲ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದರು, ಬಾಗಿದರು, ಏಳಲಿಲ್ಲ. ಬಾಗಿಕೊಂಡೇ ಹೇಳಿದ್ದು ಇಷ್ಟು: ಅವರ ಮೆಚ್ಚಿನ ಬೇಸ್‌ಬಾಲ್ ತಂಡದ ಆಟ ಶುರುವಾಗುವುದೂ ಸಂಜೆ ಆರಕ್ಕೆ, ಗಂಟೆ ನಿಂತ ದಿನದಿಂದ ತಂಡ ಒಂದೇ ಸಮನೆ ಸೋಲುತ್ತಿದೆ, ದಯವಿಟ್ಟು ಬಾರಿಸಬೇಕು.

ಹನ್ನೊಂದು ವರ್ಷದಲ್ಲಿ ಒಬ್ಬರೇ ಒಬ್ಬರು ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿದ್ದರು. ಅದನ್ನೂ ನಾನು ಬೇರೆಯವರಿಂದ ಅನುವಾದ ಮಾಡಿಸಿ ಕೆಡಿಸಿಕೊಂಡಿದ್ದೆ.

೨. ಹಿಂದಕ್ಕೆ ಹೋದ ಚೆಂಡು

ಗಂಟೆ ಮತ್ತೆ ಶುರುವಾಯಿತು, ತಂಡವೂ ಗೆಲ್ಲತೊಡಗಿತು. ಅಜ್ಜ ಋಣ ತೀರಿಸುವವರಂತೆ ನನ್ನನ್ನು ಒಂದು ಆಟಕ್ಕೆ ಕರೆದುಕೊಂಡು ಹೋದರು. ರೈಲಿನಲ್ಲಿ ಅವರ ಮನೆಯಾಕೆಯ ವಿಷಯ ಹೇಳಿದರು. ಆಕೆ ಕಾಲು ಬಿದ್ದುಹೋಗಿ, ಎದೆಯೂ ಸೋತು, ಎರಡು ವರ್ಷದಿಂದ ನದಿಯ ಪಕ್ಕದ ವೃದ್ಧರ ಆರೈಕೆಮನೆಯಲ್ಲಿದ್ದಾರೆ. ಇವರ ತಂಡ ಕೊನೆಯ ಸಲ ಲೀಗಿನ ಪಟ್ಟ ಗೆದ್ದದ್ದು ಇಬ್ಬರ ಮದುವೆಯಾದ ವರ್ಷ. ಗೆದ್ದ ತಂಡದವರು ತಮ್ಮ ತರಬೇತುದಾರರನ್ನು ಎಲ್ಲರೂ ಸೇರಿ ಗಾಳಿಗೆ ಎಸೆದು ಹಿಡಿಯುವುದು ಇಲ್ಲಿಯ ಪದ್ಧತಿ. ಆ ಎಸೆತವನ್ನು ಇನ್ನೊಂದು ಸಲ ನೋಡಿ ಹೋಗಬೇಕು ಎಂಬುದೊಂದೇ ಆಕೆಯ ಆಸೆ. ಡಾಕ್ಟರು, ಮುಂದಿನ ವರ್ಷದ ಮಾತು ಈಗ ಬೇಡ ಎಂದಿದ್ದಾರಂತೆ. ಇದನ್ನು ಹೇಳುವಾಗ ಅಜ್ಜ ಕಿಟಕಿಯ ಕಡೆ ನೋಡುತ್ತಿದ್ದರು.

ನಾನು ಭಾರವಾದ ಮನಸ್ಸಿನಿಂದಲೇ ಮೈದಾನಕ್ಕೆ ಹೋದೆ. ಬೇಸ್‌ಬಾಲ್ ನನಗೆ ತಿಳಿಯದು, ಕ್ರಿಕೆಟ್ ತಿಳಿಯುತ್ತದೆ. ನಮ್ಮ ಕಡೆಯ ಬ್ಯಾಟುಗಾರ ಚೆಂಡಿಗೆ ಸಣ್ಣಗೆ ಬ್ಯಾಟು ತಾಗಿಸಿದ. ಚೆಂಡು ಹಿಂದಿನ ಬೇಲಿಯವರೆಗೆ ಓಡಿತು. ಎಂಥ ನಯವಾದ ಲೇಟ್ ಕಟ್, ನಾಲ್ಕು ರನ್ ಎಂದು ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆ ಮೈದಾನದಲ್ಲಿ ನಿಂತಿದ್ದವನು ನಾನೊಬ್ಬನೇ. ಬೇಸ್‌ಬಾಲಿನಲ್ಲಿ ಹಿಂದಕ್ಕೆ ಹೋದ ಚೆಂಡು ಫೌಲ್, ಕೆಲಸಕ್ಕೆ ಬಾರದ್ದು, ಎಂದು ಆಮೇಲೆ ತಿಳಿಯಿತು.

ಅಜ್ಜ ಒಂದು ಕ್ಷಣ ನನ್ನನ್ನು ನೋಡಿದರು. ಅತಿಥಿ ಒಬ್ಬನೇ ನಿಂತಿರಬಾರದೆಂದು ತಾವೂ ಎದ್ದು ತಟ್ಟಿದರು. ಹಿರಿಯರು ಎದ್ದರೆಂದು ಪಕ್ಕದವರು ಎದ್ದರು. ಹಿಂದಿನ ಸಾಲಿನವರು ಏನೋ ವಿಶೇಷವಿರಬೇಕೆಂದು ಎದ್ದರು. ನಮ್ಮ ಭಾಗವೆಲ್ಲ ಗಂಭೀರವಾಗಿ ಚಪ್ಪಾಳೆ ತಟ್ಟಿತು. ಬ್ಯಾಟುಗಾರ ತಿರುಗಿ ನೋಡಿದ. ತಾನು ಏನೋ ತಪ್ಪು ಮಾಡಿರಬೇಕೆಂದುಕೊಂಡು ನಮಗೆ ತಲೆಬಾಗಿ ಕ್ಷಮೆ ಕೇಳಿದ.

೩. ದೀಪ ಹತ್ತಿತು

ಆಗಸ್ಟ್ ಮುಗಿಯುವ ಹೊತ್ತಿಗೆ ತಂಡ ಎಲ್ಲರಿಗಿಂತ ಬಹಳ ಮುಂದಿತ್ತು. ಅಜ್ಜ ಬೆಳಿಗ್ಗೆಯೇ ಬಂದು, ಮ್ಯಾಜಿಕ್ ದೀಪ ಹತ್ತಿತು, ಇಪ್ಪತ್ತಾರು, ಎಂದರು. ಇಲ್ಲಿಯ ಬೇಸ್‌ಬಾಲಿನಲ್ಲಿ ಮುಂದಿರುವ ತಂಡಕ್ಕೆ ಮ್ಯಾಜಿಕ್ ಎಂಬ ಒಂದು ಅಂಕಿ ಬರುತ್ತದೆ; ಬಂದರೆ ದೀಪ ಹತ್ತಿತು ಎನ್ನುತ್ತಾರೆ. ನನಗೆ ಅಷ್ಟೇ ಗೊತ್ತಾಯಿತು. ದೀಪ ಎಂದ ಮೇಲೆ ಒಳ್ಳೆಯದೇ ಎಂದು ಕೈ ಮುಗಿದೆ.

ಆದರೆ ಆ ಅಂಕಿ ದಿನೇ ದಿನೇ ಇಳಿಯತೊಡಗಿತು. ಇಪ್ಪತ್ತಾರು ಇದ್ದದ್ದು ಇಪ್ಪತ್ತೊಂದಾಯಿತು, ಹದಿನೇಳಾಯಿತು, ಹನ್ನೆರಡಾಯಿತು. ಅಜ್ಜ ದಿನವೂ ಬಾಗಿಲಿಗೆ ಬಂದು ಅಂಕಿ ಹೇಳಿ ನಗುತ್ತಿದ್ದರು. ಇಲ್ಲಿಯವರು ದುಃಖವನ್ನು ನಗುವಿನಲ್ಲಿ ಮುಚ್ಚುತ್ತಾರೆ ಎಂಬುದು ನನಗೆ ಗೊತ್ತು. ಇಳಿದ ಅಂಕಿಗೆ ನಾನು ಮರುಕದಿಂದ ತಲೆಬಾಗುತ್ತಿದ್ದೆ.

ಒಂಬತ್ತು ಎಂದ ದಿನವೇ ಗಣೇಶನ ಹಬ್ಬ. ಮನೆಯವಳು ಅಂಗಡಿಯ ಜೇಡಿಮಣ್ಣಿನಲ್ಲಿ ಗಣಪತಿ ಮಾಡಿದ್ದಳು. ನಾನು ನದಿಯ ದಂಡೆಯಲ್ಲಿ ಹುಡುಕಿ ಇಪ್ಪತ್ತೊಂದು ಗರಿಕೆ ತಂದೆ. ಮಡಿಯುಟ್ಟು, ಸಂಕಲ್ಪ ಮಾಡಿ, ಸ್ಪಷ್ಟವಾಗಿ ಬೇಡಿಕೊಂಡೆ: ವಿಘ್ನೇಶ್ವರಾ, ಆ ವೃದ್ಧ ದಂಪತಿಗಳ ಸಲುವಾಗಿ ಈ ಅಂಕಿಯನ್ನು ಒಂಬತ್ತಕ್ಕೇ ನಿಲ್ಲಿಸು, ಇನ್ನು ಕೆಳಗೆ ಇಳಿಸಬೇಡ.

ನಿಂತಿತು. ಮರುದಿನ ಒಂಬತ್ತು, ಅದರ ಮರುದಿನವೂ ಒಂಬತ್ತು. ವಾರವಿಡೀ ಒಂಬತ್ತು. ಅಜ್ಜ ನಗುವುದನ್ನು ಬಿಟ್ಟರು. ಮನಸ್ಸು ಹಗುರಾಗಿ ಮುಖವಾಡದ ಅಗತ್ಯ ಕಳೆಯಿತು ಎಂದುಕೊಂಡೆ. ಊಟಕ್ಕೆ ಕುಳಿತಾಗ ಮನೆಯವಳಿಗೆ ಈ ಕೃಪೆಯ ವಿಷಯ ತಿಳಿಸಿದೆ. ಮಗುವಿನ ಶಾಲೆಯ ತಾಯಂದಿರ ಜೊತೆ ಓಡಾಡಿ ಅವಳಿಗೆ ಇಲ್ಲಿಯ ಸಂಗತಿಗಳು ನನಗಿಂತ ಚೆನ್ನಾಗಿ ಗೊತ್ತು. ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು.

"ರೀ, ಅದು ಗೆಲ್ಲೋಕೆ ಇನ್ನೆಷ್ಟು ಬಾಕಿ ಅನ್ನೋ ಲೆಕ್ಕ. ಇಳೀಬೇಕು ಕಣ್ರೀ. ಸೊನ್ನೆಗೆ ಬಂದ್ರೆ ಗೆದ್ದ ಹಾಗೆ."

ಆ ರಾತ್ರಿ ಸಾರು ನನಗೆ ರುಚಿಸಲಿಲ್ಲ. ವಿಘ್ನ ತೆಗೆಯುವ ದೇವರಿಗೆ ವಿಘ್ನ ಹಾಕುವುದೂ ಚೆನ್ನಾಗಿ ಗೊತ್ತಿರುತ್ತದೆ ಎಂಬುದನ್ನು ಭಕ್ತನಾದವನು ಮರೆಯಬಾರದಿತ್ತು.

೪. ವಾಪಸಾತಿ

ಬೇಡಿಕೆಯನ್ನು ತಿದ್ದಿಕೊಳ್ಳೋಣ ಎಂದರೆ ಗಣಪತಿ ಮನೆಯಲ್ಲಿರಲಿಲ್ಲ. ಇಲ್ಲಿಯ ನದಿಯಲ್ಲಿ ಬಿಡುವಂತಿಲ್ಲವೆಂದು ಮೂರನೆಯ ದಿನವೇ ಬಾಲ್ಕನಿಯ ಬಕೆಟ್ಟಿನಲ್ಲಿ ವಿಸರ್ಜನೆ ಮಾಡಿ, ಆ ನೀರನ್ನು ತುಳಸಿಗೂ ಕರಿಬೇವಿಗೂ ಹಂಚಿದ್ದೆವು. ಕರಿಬೇವಿನ ಮುಂದೆ ನಿಂತು ಎರಡು ದಿನ ಪ್ರಾರ್ಥಿಸಿದೆ. ಕರಿಬೇವು ಸೊಗಸಾಗಿ ಚಿಗುರಿತು, ತಂಡ ಸೋಲುತ್ತಲೇ ಹೋಯಿತು. ಹಿಂದಿದ್ದ ತಂಡ ಗೆಲ್ಲುತ್ತ ಗೆಲ್ಲುತ್ತ ಹತ್ತಿರ ಬಂತು. ಒಂದು ದಿನ ಅಜ್ಜ ಬಾಗಿಲಿಗೆ ಬಂದು, ದೀಪ ಆರಿತು, ಎಂದಷ್ಟೇ ಹೇಳಿ ಹೋದರು.

ನಾನು ಊರಿನ ಪುರೋಹಿತರಿಗೆ ಫೋನ್ ಮಾಡಿದೆ. ಕೊಟ್ಟ ವರವನ್ನು ಹಿಂದಿರುಗಿಸುವುದಕ್ಕೆ ವಿಧಿ ಏನು ಎಂದು ಕೇಳಿದೆ. ಕೇಳಿದ್ದು ಸಿಗಲಿಲ್ಲ ಎಂದು ಜಗಳಕ್ಕೆ ಬಂದವರು ಬೇಕಾದಷ್ಟಿದ್ದಾರೆ, ಸಿಕ್ಕಿದೆ, ವಾಪಸ್ ತಗೊಳ್ಳಿ ಎಂದು ಬಂದವರು ನೀವೇ ಮೊದಲು ಎಂದರು ಅವರು. ನಾನು ಮ್ಯಾಜಿಕ್ ಲೆಕ್ಕವನ್ನು ಮೊದಲಿನಿಂದ ವಿವರಿಸಿದೆ.

"ಅಂದ್ರೆ ಅಲ್ಲಿ ಸೊನ್ನೆ ಬಂದವನು ಪಾಸು?"

ಹೌದು ಎಂದೆ.

"ಹಾಗಾದ್ರೆ ತಪ್ಪು ನಿಮ್ಮದಲ್ಲ. ಗಣಪತೀನೂ ನಮ್ಮ ಥರಾನೇ ಮಗ್ಗಿ ಕಲಿತಿರೋದು."

೫. ಐದು ದಿನದ ಮಳೆ

ಕೊನೆಯ ದಿನದ ಆಟದಲ್ಲಿ ತಂಡ ಸೋತು ಎರಡನೆಯ ಸ್ಥಾನಕ್ಕೆ ಬಿತ್ತು. ಟೀವಿಯಲ್ಲಿ ಬೇರೆ ತಂಡದವರು ಬೇರೆ ಯಾರನ್ನೋ ಗಾಳಿಗೆ ಎಸೆದರು. ಗೋಡೆಯಾಚೆ ಅಜ್ಜನ ಮನೆಯ ಟೀವಿ ಅದಕ್ಕಿಂತ ಮೊದಲೇ ಆರಿಹೋಗಿತ್ತು.

ಐದು ದಿನದ ಮೇಲೆ ಅಜ್ಜ ಬಂದು, ಆರೈಕೆಮನೆಗೆ ಜೊತೆಗೆ ಬರುತ್ತೀರಾ ಎಂದು ಕೇಳಿದರು. ದಾರಿಯಲ್ಲಿ ಸಂಗತಿ ಹೊರಬಂತು. ಹೆಂಡತಿಗೆ ಇನ್ನೂ ಹೇಳಿಲ್ಲ. ದಿನವೂ ಹೋಗುತ್ತಾರೆ, ಕೊನೆಯ ಆಟ ಮಳೆಯಿಂದ ಮುಂದಕ್ಕೆ ಹೋಗಿದೆ ಎನ್ನುತ್ತಾರೆ, ಬರುತ್ತಾರೆ. ಐವತ್ತು ವರ್ಷ ಸುಳ್ಳು ಹೇಳದ ಬಾಯಿ, ಇನ್ನು ಆಗುವುದಿಲ್ಲ. ಹೇಳಿದರೆ ಅವಳ ಎದೆ ತಡೆಯುತ್ತದೋ ಇಲ್ಲವೋ, ಎಂದರು.

ಅಜ್ಜಿ ದಿಂಬಿಗೆ ಒರಗಿ ಕುಳಿತಿದ್ದರು, ಗುಬ್ಬಿಯಷ್ಟು ಸಣ್ಣವರು. ಹಾಸಿಗೆಯ ಮೇಲೆಲ್ಲ ಬಿಸಿಲು ಬಿದ್ದಿತ್ತು. ಇವತ್ತೂ ಮಳೆಯೇ ಎಂದು ಕೇಳಿದರು. ಅಜ್ಜ ಬಿಸಿಲಿನಲ್ಲಿ ನಿಂತು, ಮಳೆ, ಎಂದರು. ಆಮೇಲೆ ನನ್ನ ಕಡೆ ನೋಡಿದರು.

ತಪ್ಪು ಮಾಡಿದವನು ನಾನು. ಬಾಯಿ ಬಿಡಬೇಕಾದವನೂ ನಾನೇ. ನನ್ನ ಮುರುಕು ಜಪಾನಿಯಲ್ಲಿ ಎಲ್ಲವನ್ನೂ ಹೇಳಿದೆ. ಆನೆಯ ಮುಖದ ನಮ್ಮ ದೇವರು, ಇಪ್ಪತ್ತೊಂದು ಗರಿಕೆ, ಒಂಬತ್ತಕ್ಕೆ ನಿಲ್ಲಿಸೆಂದು ಬೇಡಿದ್ದು, ನಿಂತದ್ದು, ದೀಪ ಆರಿದ್ದು, ಸೋತದ್ದು. ತಂಡದ ತಪ್ಪಲ್ಲ, ನನ್ನದು, ಎಂದು ನೆಲದವರೆಗೆ ಬಾಗಿದೆ. ಅಜ್ಜ ಇದನ್ನು ಕೇಳುತ್ತಿದ್ದದ್ದೂ ಮೊದಲ ಸಲವೇ. ಅವರ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಅಜ್ಜಿ ದಿಂಬಿನ ಕೆಳಗೆ ಕೈ ಹಾಕಿ ಅಂಗೈಯಗಲದ ರೇಡಿಯೋ ಒಂದನ್ನು ತೆಗೆದು ಹೊದಿಕೆಯ ಮೇಲಿಟ್ಟರು. ಸೋತ ಆ ಆಟವನ್ನು ಕೊನೆಯ ಚೆಂಡಿನವರೆಗೂ ಕೇಳಿದ್ದರಂತೆ. ಗಂಡ ಪಾಪ ದಿನವೂ ಒಣಗಿದ ಛತ್ರಿ ಹಿಡಿದು ಬಂದು ಮಳೆ ಎನ್ನುವಾಗ, ತನಗೆ ಗೊತ್ತಿದೆ ಎಂದರೆ ಅವರ ಎದೆ ಒಡೆದೀತೆಂದು ಸುಮ್ಮನಿದ್ದರಂತೆ.

ಅಜ್ಜ ಕುರ್ಚಿಯ ಮೇಲೆ ಕುಸಿದು ಕುಳಿತರು. ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿದರು. ಆಕೆಯ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಗಾಬರಿಯಾದೆ. ಅಳು ಅಲ್ಲ, ನಗು. ನರ್ಸು ಬಂದು ಬಾಗಿಲಲ್ಲಿ ಇಣುಕುವಷ್ಟು ನಗು. ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದರು.

"ನಾವು ಐವತ್ತು ವರ್ಷ ಎಷ್ಟು ದೇವರಿಗೆ ಕೈ ಮುಗಿದಿದ್ದೇವೆ. ಕೇಳಿದ್ದನ್ನು ಇಷ್ಟು ಸರಿಯಾಗಿ ಕೊಟ್ಟವರು ಒಬ್ಬರೂ ಇಲ್ಲ. ನಾನು ಬರುವ ವರ್ಷದ ತನಕ ಇರುತ್ತೇನೆ. ಅಷ್ಟರೊಳಗೆ ನೀವು ಇಂದೋ-ಸಾನ್‌ಗೆ ಆಟ ಕಲಿಸಿ."