ದಂತವೈದ್ಯರು ನಲ್ಲಿ ಮುಟ್ಟಕೂಡದೆಂಬ ಬಗ್ಗೆ

ದಂತ ಚಿಕಿತ್ಸಾಲಯ, ಆಡಳಿತ ಶಾಖೆ
(ಔಷಧಿ ಬೀರುವಿನ ಹಿಂದಿನ ಮೇಜು)

ಸಂಖ್ಯೆ: ದಂಚಿ/ನಲ್ಲಿ/೩/ಪುನಃ

ವಿಷಯ: ವೈದ್ಯರ ಸಮಯಪಾಲನೆ ಮತ್ತು ಕೆಲಸ ಹಂಚಿಕೆ.

ಉಲ್ಲೇಖ: (೧) ಕಳೆದ ಮಂಗಳವಾರದ ಘಟನೆ. (೨) ನರ್ಸಮ್ಮನವರ ಮೌಖಿಕ ರಾಜೀನಾಮೆ.

ಉಲ್ಲೇಖ (೧)ರ ದಿನದಂದು, ನಿವೃತ್ತ ಬಸ್ ಕಂಡಕ್ಟರರೊಬ್ಬರಿಗೆ ದವಡೆ ಮರಗಟ್ಟುವ ಇಂಜೆಕ್ಷನ್ ಕೊಟ್ಟ ವೈದ್ಯರು, ‘ಎರಡೇ ನಿಮಿಷ’ ಎಂದು ಎದ್ದು, ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಚ್ಚಲು ಹೋಗಿರುವುದು ಕಂಡುಬಂದಿದೆ. ಅದೇ ಕೆಲಸಕ್ಕೆ ಕರೆಸಿದ್ದ ಪ್ಲಂಬರ್ ಪಕ್ಕದಲ್ಲೇ ನಿಂತಿದ್ದರು. ನರ್ಸಮ್ಮ ನೆಲದ ನೀರು ಬಳಿಯುತ್ತಿದ್ದುದರಿಂದ, ಒಂದೇ ಸಮನೆ ಬಡಿದುಕೊಳ್ಳುತ್ತಿದ್ದ ಫೋನನ್ನು ಕಂಡಕ್ಟರರೇ ಎತ್ತಿ, ಮರಗಟ್ಟಿದ ನಾಲಿಗೆಯಲ್ಲಿ ಕರೆ ಮಾಡಿದವರಿಗೆಲ್ಲ ಬರಬೇಕಾದ ಸಮಯ ಕೊಟ್ಟಿರುತ್ತಾರೆ. ಏನು ಹೇಳಿದರೆಂಬುದು ಅವರಿಗೂ ತಿಳಿದಿಲ್ಲ. ಕೇಳಿದವರು ತಮತಮಗೆ ಬೇಕಾದಂತೆ ಅರ್ಥ ಮಾಡಿಕೊಂಡು, ಬುಧವಾರ ಬಾಗಿಲು ತೆರೆಯುವ ಮುನ್ನವೇ ದವಡೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

ಆಗ ನರ್ಸಮ್ಮ, “ಸಾರ್, ಹಲ್ಲು ನೀವು ನೋಡಿ, ನಲ್ಲಿ ಅವ್ರು ನೋಡ್ಲಿ. ಇಲ್ಲಾಂದ್ರೆ ನಾಳೆಯಿಂದ ನಾನು ಬರಲ್ಲ” ಎಂದಿರುತ್ತಾರೆ. ಅವರಿಲ್ಲದೆ ಇಲ್ಲಿ ಹತ್ತಿಯ ಉಂಡೆಯೂ ಅಲುಗದೆಂಬುದು ನಿರ್ವಿವಾದ. ಆದ್ದರಿಂದ ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ:

೧. ವೈದ್ಯರು ಹಲ್ಲನ್ನು ಮಾತ್ರ ಮುಟ್ಟತಕ್ಕದ್ದು. ಒಸಡಿಗೆ ಅಭ್ಯಂತರವಿಲ್ಲ.

೨. ನಲ್ಲಿಯನ್ನು ದೂರದಿಂದ ನೋಡಬಹುದು, ನಿಟ್ಟುಸಿರು ಬಿಡಬಾರದು.

೩. ಬಲ್ಬು ಹೋದಲ್ಲಿ, ವೈದ್ಯರು ಇದ್ದಲ್ಲೇ ಕತ್ತಲಲ್ಲಿ ನಿಂತು ಸಂಬಂಧಪಟ್ಟವರನ್ನು ನಿರೀಕ್ಷಿಸತಕ್ಕದ್ದು.

೪. ಎಲ್ಲ ಸರಿಯಿದೆಯೇ ಎಂದು ಚಿಂತಿಸುವ ಕೆಲಸವನ್ನು ನರ್ಸಮ್ಮನವರಿಗೆ ವಹಿಸಲಾಗಿದೆ. ತಾವು ಅದನ್ನು ಮಾಡುವುದಿಲ್ಲವೆಂದು ಅವರು ತಿಳಿಸಿದ್ದು, ಅಂದಿನಿಂದ ಎಲ್ಲವೂ ಸುಗಮವಾಗಿದೆ.

೫. “ಅಕ್ಕಾ, ನಾನು ಕೈ ಹಾಕ್ದೆ ಇದ್ರೆ ಇಲ್ಲಿ ಯಾವ್ದೂ ನೆಟ್ಟಗಾಗಲ್ಲ” ಎಂದು ವೈದ್ಯರು, ಈ ಶಾಖೆಯ ಮುಖ್ಯಸ್ಥೆಯೂ ಆದ ತಮ್ಮ ಅಕ್ಕನಿಗೆ ಸಲ್ಲಿಸಿದ ಆಕ್ಷೇಪಣೆಯನ್ನು ಪರಿಶೀಲಿಸಲಾಯಿತು. ಅವರು ಕೈ ಹಾಕಿದ ನಲ್ಲಿ ಈಗ ಎರಡು ಕಡೆ ಸೋರುತ್ತಿರುವುದರಿಂದ ತಿರಸ್ಕರಿಸಲಾಗಿದೆ.

ಕಂಡಕ್ಟರರ ಹಲ್ಲನ್ನು ವೈದ್ಯರು ಗುರುವಾರ ಒಂದೇ ಪಟ್ಟಿಗೆ, ಅವರಿಗೆ ಗೊತ್ತೇ ಆಗದಂತೆ ಕಿತ್ತಿರುತ್ತಾರೆ. ಈ ಕೆಲಸ ವೈದ್ಯರಿಗೆ ಚೆನ್ನಾಗಿ ಬರುತ್ತದೆಂಬುದನ್ನು ಅವರ ಗಮನಕ್ಕೆ ತರಲಾಗಿದೆ. ನರ್ಸಮ್ಮ ಗುರುವಾರವೂ ಶುಕ್ರವಾರವೂ ಎಂದಿನಂತೆ ಬಂದರು.

(ಸಹಿ)
ಆಡಳಿತಾಧಿಕಾರಿ ಹಾಗೂ ಅಕ್ಕ

ಪ್ರತಿಗಳು:
ವೈದ್ಯರಿಗೆ: ಓದಲು; ತಿದ್ದಲು ಅಲ್ಲ.
ನರ್ಸಮ್ಮನವರಿಗೆ: ಸಮಾಧಾನಕ್ಕಾಗಿ.
ಪ್ಲಂಬರ್ ಅವರಿಗೆ: ವೈದ್ಯರ ಸಲಹೆ ಕೇಳದಿರಲು.
ಸೂಚನಾ ಫಲಕಕ್ಕೆ: ಇದನ್ನು ತಗುಲಿಸಲು ಮೊಳೆ ಹೊಡೆಯುವುದಕ್ಕೆಂದು ವೈದ್ಯರು ರೋಗಿಯನ್ನು ಬಿಟ್ಟು ಎದ್ದಿರುವುದಾಗಿ ಈಗಷ್ಟೇ ತಿಳಿದುಬಂದಿದೆ. ಸುತ್ತಿಗೆಯನ್ನು ವಶಪಡಿಸಿಕೊಳ್ಳಲಾಗಿದೆ.