ಕ್ಷಮಿಸಲೆಂದು ಭದ್ರಾವತಿಗೆ ಹೋದದ್ದು

ನಾನು ಸ್ವಭಾವತಃ ಕ್ಷಮಾಶೀಲ. ಇದನ್ನು ಇದುವರೆಗೆ ಬೇರೆ ಯಾರೂ ಹೇಳದೆ ಇರುವುದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ. ಹೊಸಮನೆ ಬಡಾವಣೆಯ ನಮ್ಮ ಬೀದಿಯಲ್ಲಿ ನನ್ನ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಹೋಗುವವರನ್ನು ಕ್ಷಮಿಸಿದ್ದೇನೆ. ಚರ್ಚಿನ ಬಾಗಿಲಲ್ಲಿ ಬಿಟ್ಟ ನನ್ನ ಹೊಸ ಚಪ್ಪಲಿಯನ್ನು ಮೆಟ್ಟಿಕೊಂಡು ಹೋದ ಭಕ್ತನನ್ನೂ ಕ್ಷಮಿಸಿದ್ದೇನೆ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಸ್ನಾನಕ್ಕಿಳಿದಿದ್ದ ಆನೆಯೊಂದು ನನ್ನ ಇಸ್ತ್ರಿ ಮಾಡಿದ ಶರ್ಟನ್ನೇ ಗುರಿಯಿಟ್ಟು ನೀರು ಚಿಮ್ಮಿಸಿದಾಗಲೂ ನಕ್ಕು ಸುಮ್ಮನಾದೆ. ಆದರೆ ಇವರೆಲ್ಲ ಹೊರಗಿನವರು. ಹೊರಗಿನವರನ್ನು ಕ್ಷಮಿಸಿ ಮನೆಗೆ ಬಂದು ಕಾಫಿ ಕುಡಿಯಬಹುದು. ನಿಜವಾದ ತೊಂದರೆ ಇರುವುದು ಸಂಬಂಧಿಕರಲ್ಲಿ, ಅದರಲ್ಲೂ ಹೆಂಡತಿಯ ತಮ್ಮನಲ್ಲಿ, ಅದರಲ್ಲೂ ಆ ತಮ್ಮನಿಗೆ ಕೀಬೋರ್ಡ್ ನುಡಿಸಲು ಬರುತ್ತಿದ್ದರೆ.

ನನ್ನ ಭಾವಮೈದನ ಹೆಸರು ಆರೋಗ್ಯರಾಜ್. ಭದ್ರಾವತಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದಾನೆ, ಭಾನುವಾರ ಅಲ್ಲಿನ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಕಳೆದ ವರ್ಷ ಅವನ ಮಗಳ ಪ್ರಥಮ ಪರಮಪ್ರಸಾದದ ದಿನ, ಅಂದರೆ ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ದಿನ, ಒಂದು ಹಾಡು ಹಾಡಬೇಕೆಂದು ನನ್ನನ್ನು ಕೇಳಿಕೊಂಡ. ಕೇಳಿಕೊಂಡ ಎಂದರೆ, ನಾನು ಫೋನಿನಲ್ಲಿ ಬೇಕೆಂದೇ ಹಾಡಿನ ಮಾತು ತೆಗೆದೆ, ಅವನು ಬೇಡ ಎನ್ನಲಿಲ್ಲ. ನಾನು ನಿವೃತ್ತ ಕನ್ನಡ ಮೇಷ್ಟ್ರು. ಇಷ್ಟು ವರ್ಷ ಹಿಂದಿನ ಬೆಂಚಿಗೆ ಕೇಳುವಂತೆ ಪದ್ಯ ಹೇಳಿದ ಗಂಟಲಿದು ಎಂಬ ಹೆಮ್ಮೆ ನನಗೆ. ಬಚ್ಚಲಮನೆಯಲ್ಲಿ ಅಭ್ಯಾಸ ಮಾಡಿ ಸಿದ್ಧನಾದೆ. ಆ ದಿನ ಬೆಳಗ್ಗೆ ಅತ್ತೆ ಕರಿದಿಟ್ಟಿದ್ದ ಅಚ್ಚಪ್ಪಗಳನ್ನು ಸ್ವಲ್ಪ ಧಾರಾಳವಾಗಿಯೇ ತಿಂದೆ, ಅದು ಬೇರೆ ವಿಷಯ. ಮಕ್ಕಳು ಬಿಳಿ ಉಡುಪಿನಲ್ಲಿ ಕೈ ಜೋಡಿಸಿ ಸಾಲಾಗಿ ಹೊರಟರು, ನಾನು ಗಂಟಲು ಸರಿಮಾಡಿಕೊಂಡೆ. ಆಗಲೇ ಆರೋಗ್ಯ ನನ್ನ ಕಡೆ ಒಮ್ಮೆ ನೋಡಿ, ಕೀಬೋರ್ಡಿನ ಶ್ರುತಿ ಬದಲಾಯಿಸುವ ಬಟನ್ ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಮೊದಲ ಚರಣ ಹೇಗೋ ದಾಟಿತು. ಮೇಲಿನ ಸ್ವರಕ್ಕೆ ಹೋದಾಗ ನನ್ನ ಗಂಟಲಿನಿಂದ ಹೊರಟ ಶಬ್ದಕ್ಕೆ ಪೀಠದ ಮೇಲಿದ್ದ ಫಾದರ್ ಕೂಡ ತಲೆಯೆತ್ತಿ ನೋಡಿದರು. ಬಿಳಿ ಉಡುಪಿನ ಒಂದು ಮಗು ಅಳುವುದಕ್ಕೆ ಶುರುಮಾಡಿತು.

ಪೂಜೆ ಮುಗಿದ ಮೇಲೆ ಹೊರಗೆ ಜನ ವಿಚಾರಿಸಿದಾಗ ಆರೋಗ್ಯನೇ ಎಲ್ಲರಿಗೂ, 'ನನ್ನಿಂದ ಶ್ರುತಿ ತಪ್ಪಾಯ್ತು, ಪಾಪ ಭಾವನದ್ದೇನಿಲ್ಲ' ಎಂದು ಹೇಳುತ್ತಿದ್ದ. ಕಳ್ಳ ತಾನೇ ಒಪ್ಪಿಕೊಂಡ ಮೇಲೆ ಸಾಕ್ಷಿ ಯಾಕೆ ಬೇಕು? ನನ್ನ ಏಳಿಗೆ ಸಹಿಸದೆ ಶ್ರುತಿ ಏರಿಸಿ ಸಭೆಯಲ್ಲಿ ನನ್ನ ಮಾನ ಕಳೆದ ಎಂದು ತೀರ್ಪು ಕೊಟ್ಟುಕೊಂಡು ಬಸ್ಸು ಹತ್ತಿದೆ. ಆಮೇಲೆ ಭದ್ರಾವತಿಯ ಕಡೆ ತಲೆ ಹಾಕಲಿಲ್ಲ. ನನ್ನ ಹೆಂಡತಿ ಫಿಲೋಮಿನಾಳಿಗೆ ಹೋಗಬೇಡ ಎಂದು ನಾನು ಒಮ್ಮೆಯೂ ಹೇಳಿಲ್ಲ. 'ನೀನು ಹೋಗಿ ಬಾ, ನನಗೆ ಕೆಲಸ ಇದೆ' ಎಂದು ಪೇಪರ್ ಬಿಡಿಸುತ್ತಿದ್ದೆ. ಒಬ್ಬಳೇ ಹೋದರೆ ಅವಳಮ್ಮ ಬಾಗಿಲಲ್ಲೇ ಅಳಿಯ ಎಲ್ಲಿ ಎಂದು ಕೇಳುತ್ತಾರೆ, ಏನು ಹೇಳಲಿ ಎಂದು ಅವಳು ಉಳಿದುಬಿಡುತ್ತಿದ್ದಳು. ಕ್ರಿಸ್ಮಸ್ಸಿಗೂ ಹೋಗಲಿಲ್ಲ. ಮದುವೆಯಾದಾಗಿನಿಂದ ಅವಳು ತವರಿಗೆ ಹೋಗದ ಕ್ರಿಸ್ಮಸ್ ಅದೊಂದೇ. ಅಂದು ಅವಳು ಕೇಕ್ ಕತ್ತರಿಸಿ ತಟ್ಟೆಗೆ ಹಾಕಿಕೊಟ್ಟು, ತಾನು ತಿನ್ನದೆ ಒಳಗೆ ಹೋದಳು. ನಾನು ಎರಡು ತುಂಡು ತಿಂದೆ.

ಇಷ್ಟಾದರೂ ನಾನು ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು. ತೊಂದರೆ ಬರುತ್ತಿದ್ದದ್ದು ಪ್ರಭು ಕಲಿಸಿದ ಪ್ರಾರ್ಥನೆಯ ಹೊತ್ತಿಗೆ. ನಾವು ಇತರರನ್ನು ಹೇಗೆ ಕ್ಷಮಿಸುತ್ತೇವೋ ಹಾಗೆಯೇ ನಮ್ಮನ್ನೂ ಕ್ಷಮಿಸು ಎಂದು ದೇವರನ್ನು ಕೇಳುವ ಸಾಲು ಅದರಲ್ಲಿದೆ. ಯೋಚಿಸಿ ನೋಡಿ, ನಾನು ಆರೋಗ್ಯನನ್ನು ಕ್ಷಮಿಸಿದ ಹಾಗೆಯೇ ದೇವರು ನನ್ನನ್ನು ಕ್ಷಮಿಸಲು ಹೊರಟರೆ ನನ್ನ ಗತಿ ಏನು? ಹಾಗಾಗಿ ಆ ಸಾಲು ಬಂದಾಗ ಕೆಮ್ಮುವುದನ್ನು ರೂಢಿ ಮಾಡಿಕೊಂಡೆ. ದೇವರಿಗೆ ಸುಳ್ಳು ಹೇಳಿದಂತಾಗಲಿಲ್ಲ, ಒಪ್ಪಂದಕ್ಕೆ ಸಹಿ ಹಾಕಿದಂತೆಯೂ ಆಗಲಿಲ್ಲ. ಪಕ್ಕದಲ್ಲಿ ಕೂರುವವರೊಬ್ಬರು ನನ್ನ ಕೆಮ್ಮು ಕೇಳಿ ಮರುಗಿ, ಶುಂಠಿ ಕಷಾಯ ಮಾಡುವ ಕ್ರಮ ಹೇಳಿಕೊಟ್ಟರು. ಫಿಲೋಮಿನಾ ಮಾತ್ರ, 'ನಿಮಗೆ ಆ ಸಾಲಿಗೇ ಯಾಕ್ರೀ ಕೆಮ್ಮು ಬರುತ್ತೆ' ಎಂದು ಕೇಳಿದಳು.

ಹೀಗಿರುವಾಗ ತಪಸ್ಸುಕಾಲ ಬಂತು. ಈಸ್ಟರಿಗೆ ಮುಂಚಿನ ಈ ನಲವತ್ತು ದಿನ ನಾವು ಏನಾದರೊಂದನ್ನು ಬಿಡುತ್ತೇವೆ. ಈ ಸಲ ಮಟನ್ ಬದಲು ಸಿಟ್ಟು ಬಿಡಿ ಎಂದಳು ಹೆಂಡತಿ. ನಾನು ಬಹಳ ಯೋಚಿಸಿ ಮಟನ್ ಬಿಟ್ಟೆ. ಪಾಪನಿವೇದನೆಗೆ ಮಾತ್ರ ಹೋಗಲೇಬೇಕಾಯಿತು. ಮೊಣಕಾಲೂರಿ, ಜಾಲರಿಯ ಆಚೆ ಕುಳಿತ ನಮ್ಮ ಫಾದರ್‌ಗೆ ಶುರುವಿನಿಂದ ಎಲ್ಲವನ್ನೂ ಹೇಳಿದೆ: ಅವನು ಬಟನ್ ಒತ್ತಿದ್ದು, ಅವನು ನನ್ನ ಕಡೆ ನೋಡಿದ ರೀತಿ, ಅವನ ಹೊಟ್ಟೆಕಿಚ್ಚು. ಹೇಳಿ ಮುಗಿಸಿದಾಗ ಮನಸ್ಸು ನಿಜಕ್ಕೂ ಹಗುರಾಗಿತ್ತು. ಫಾದರ್, "ಮೇಷ್ಟ್ರೇ, ಇದೆಲ್ಲಾ ನಿಮ್ಮ ಭಾವಮೈದನ ಪಾಪ. ಅವರದ್ದನ್ನ ಅವರು ಭದ್ರಾವತೀಲಿ ಹೇಳ್ಕೋತಾರೆ. ನಿಮ್ಮದು ಹೇಳಿ" ಎಂದರು. ನನ್ನದೆಂದು ಹೇಳಲು ಆ ಕ್ಷಣಕ್ಕೆ ಏನೂ ಹೊಳೆಯಲಿಲ್ಲ. ಪ್ರಾಯಶ್ಚಿತ್ತವಾಗಿ ಒಂದಷ್ಟು ಜಪಸರ ಪ್ರಾರ್ಥನೆ ಹೇಳಿಸುತ್ತಾರೆ ಎಂದುಕೊಂಡಿದ್ದರೆ, ಭದ್ರಾವತಿಗೆ ಹೋಗಿ ಅವನ ಜೊತೆ ಕುಳಿತು ಊಟ ಮಾಡಿ ಬನ್ನಿ ಎಂದರು. ವಾಟ್ಸಾಪಿನಲ್ಲಿ ಕ್ಷಮಿಸಿದರೆ ಆಗುವುದಿಲ್ಲವೇ ಎಂದು ಕೇಳಿದೆ. ಆಗುವುದಿಲ್ಲವಂತೆ.

ಮುಂದಿನ ಭಾನುವಾರ ಪೂಜೆ ಮುಗಿಸಿ ಇಬ್ಬರೂ ಬಸ್ಸು ಹತ್ತಿದೆವು. ಫಿಲೋಮಿನಾ ಕಿಟಕಿ ಪಕ್ಕ ಕುಳಿತು, ಮಡಿಲಲ್ಲಿ ಕೊಬ್ಬರಿ ಮಿಠಾಯಿ ಡಬ್ಬಿ ಇಟ್ಟುಕೊಂಡು, ದಾರಿಯುದ್ದಕ್ಕೂ ಮಾತಾಡಿದಳು. ಅವಳು ಅಷ್ಟು ಮಾತಾಡಿ ಎಷ್ಟು ದಿನವಾಗಿತ್ತು ಎಂಬುದು ನನಗೆ ಆಗ ಗೊತ್ತಾಯಿತು. ಆದರೂ ನಾನು ಒಳಗೊಳಗೇ ಭಾಷಣ ತಯಾರಿಸುತ್ತಿದ್ದೆ. ಪೀಠಿಕೆ, ವಿಷಯ, ಉಪಸಂಹಾರ ಎಲ್ಲ ಇತ್ತು. ಉಪಸಂಹಾರದಲ್ಲಿ ಆರೋಗ್ಯನ ಕಣ್ಣಲ್ಲಿ ನೀರು ಬರಬೇಕು, ನಾನು ಅವನ ಬೆನ್ನು ತಟ್ಟಬೇಕು.

ಬಾಗಿಲಲ್ಲಿ ಅತ್ತೆ ಎಂದಿನ ತಮಿಳಿನಲ್ಲಿ, "ವಾಂಗ ಮಾಪಿಳ್ಳೆ" ಎಂದು ಅಳಿಯನನ್ನು ಬರಮಾಡಿಕೊಂಡರು, ನಿನ್ನೆ ತಾನೇ ಬಂದು ಹೋದವನನ್ನು ಕರೆದ ಹಾಗೆ. ಯಾರೂ ಏನೂ ಕೇಳಲಿಲ್ಲ. ಊಟಕ್ಕೆ ಮೊಟ್ಟೆ ಸಾರು ಮಾಡಿದ್ದರು. ಎಲ್ಲರ ತಟ್ಟೆಗೂ ಅನ್ನ ಬಿದ್ದ ಮೇಲೆ ನಾನು ಗಂಟಲು ಸರಿಮಾಡಿಕೊಂಡೆ. ಆ ಸದ್ದಿಗೆ ಆರೋಗ್ಯ ಸ್ವಲ್ಪ ಬೆದರಿದ ಹಾಗೆ ಕಂಡಿತು. ಹಾಡುತ್ತೇನೆಂದು ತಿಳಿದಿದ್ದನೋ ಏನೋ.

"ಆರೋಗ್ಯ, ಆವತ್ತು ನೀನು ಶ್ರುತಿ ಏರಿಸಿದ್ದನ್ನ ನಾನು ಕ್ಷಮಿಸಿದ್ದೀನಿ" ಎಂದೆ. ಪೀಠಿಕೆ ಮರೆತುಹೋಗಿತ್ತು.

ಅವನು ಅಕ್ಕನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ, "ಆಯ್ತು ಭಾವ, ತಪ್ಪಾಯ್ತು. ನೀವು ಬಂದ್ರಲ್ಲ, ಸಾಕು" ಎಂದ. ಕಣ್ಣಲ್ಲಿ ನೀರು ಬರಲಿಲ್ಲ, ಆದರೂ ನಾನು ಬೆನ್ನು ತಟ್ಟಲು ಎಡಗೈ ಎತ್ತಿದೆ. ಎತ್ತಿದ ಕೈ ಇಳಿಯುವ ಮೊದಲೇ ಬಡಿಸುತ್ತಿದ್ದ ಅವನ ಹೆಂಡತಿ ಸ್ಟೆಲ್ಲಾ ಸೌಟು ಕೆಳಗಿಟ್ಟಳು. ಅವಳೂ ಅಲ್ಲಿನ ಗಾಯನವೃಂದದವಳು.

"ಅಣ್ಣಾ, ಇವರು ಏರಿಸಿದ್ದಲ್ಲ, ಇಳಿಸಿದ್ದು. ನಿಮ್ಮ ಗಂಟಲು ಬೆಳಗ್ಗೆಯಿಂದ್ಲೇ ಕಟ್ಟಿತ್ತಲ್ಲ, ಕಷ್ಟ ಆಗ್ಬಾರ್ದು ಅಂತ ಎರಡು ಸಲ ಇಳಿಸಿದ್ರು."

ಆರೋಗ್ಯ ಅವಳಿಗೆ ಸುಮ್ಮನಿರು ಎಂದು ಗದರಿದ. ಇಳಿಸಿದ ಶ್ರುತಿಯಲ್ಲೇ ನಾನು ಹಾಗೆ ಕಿರುಚಿದ್ದು ಎಂಬುದು ತಲೆಯೊಳಗೆ ಇಳಿಯಲು ಸ್ವಲ್ಪ ಸಮಯ ಹಿಡಿಯಿತು. ಅಲ್ಲಿಯವರೆಗೆ ನನ್ನ ಎಡಗೈ ಅವನ ಬೆನ್ನ ಹಿಂದೆ ಹಾಗೆಯೇ ನಿಂತಿತ್ತು. ಆವತ್ತು ಜನರ ಮುಂದೆ ಅವನು ತಪ್ಪನ್ನು ತನ್ನ ಮೇಲೆ ಹಾಕಿಕೊಂಡದ್ದು ನನ್ನ ಮಾನ ಉಳಿಸಲು. ಈಗ ಮತ್ತೆ ಹಾಕಿಕೊಂಡದ್ದು ಅಕ್ಕ ಮನೆಗೆ ಬರಲಿ ಎಂದು. ನಾನು ಫಿಲೋಮಿನಾಳ ಕಡೆ ತಿರುಗಿ, "ನಿನಗೆ ಗೊತ್ತಿತ್ತಾ?" ಎಂದೆ.

"ಆವತ್ತೇ ಗೊತ್ತಿತ್ತು" ಎಂದಳು, ಅನ್ನ ಕಲೆಸುತ್ತಾ. "ಹೇಳಿದ್ರೆ ನೀವು ಹಾಡೋದೇ ಬಿಟ್ಬಿಡ್ತಿದ್ರಿ. ನಿಮಗೆ ಅದೊಂದು ಖುಷಿ."

ಅವಳ ಬಳಿ ಒಂದೇ ಒಂದು ಮಾತಿತ್ತು. ಅದನ್ನು ಆಡಿದ್ದರೆ ಕ್ರಿಸ್ಮಸ್ಸಿಗೆ ತವರಿನಲ್ಲಿರುತ್ತಿದ್ದಳು. ಆಡದೆ, ನನ್ನ ಬಚ್ಚಲಮನೆಯ ಸಂಗೀತ ಕೇಳಿಕೊಂಡು ಹೊಸಮನೆಯಲ್ಲೇ ಉಳಿದಳು. ಕ್ಷಮಿಸುವುದಕ್ಕೆ ಭಾಷಣವಿತ್ತು, ಕ್ಷಮೆ ಕೇಳುವುದಕ್ಕೆ ನಾನು ಏನನ್ನೂ ತಯಾರಿಸಿಕೊಂಡು ಬಂದಿರಲಿಲ್ಲ. "ತಪ್ಪು ನಂದು ಕಣಯ್ಯ. ನಿನಗೂ ನಿಮ್ಮಕ್ಕನಿಗೂ ಅನ್ಯಾಯ ಮಾಡಿದೆ" ಎಂದಷ್ಟೇ ಹೇಳಲಾಯಿತು.

"ಬಿಡಿ ಭಾವ, ಮೊಸರು ಹಾಕಿಸ್ಕೊಳ್ಳಿ" ಎಂದ ಆರೋಗ್ಯ.

ಅಷ್ಟೇ. ನನಗೆ ಅವನನ್ನು ಕ್ಷಮಿಸಲು ಹೆಚ್ಚುಕಡಿಮೆ ಒಂದು ವರ್ಷ, ಒಬ್ಬ ಫಾದರ್, ಒಂದು ಬಸ್ಸು ಬೇಕಾಯಿತು, ಅದೂ ಅವನು ಮಾಡದ ತಪ್ಪಿಗೆ. ಅವನು ನಾನು ಮಾಡಿದ್ದನ್ನು ಮೊಸರು ಬಡಿಸುವಷ್ಟರಲ್ಲಿ ಮುಗಿಸಿದ. ಇದನ್ನು ಅವನು ಎಲ್ಲಿ ಕಲಿತನೋ ತಿಳಿಯದು. ನಾನು ಓದುವ ಬೈಬಲ್ಲನ್ನೇ ಅವನೂ ಓದುತ್ತಾನೆ, ಅದೂ ನನ್ನಷ್ಟು ಸ್ಪಷ್ಟ ಉಚ್ಚಾರಣೆಯಿಲ್ಲದೆ.

ಸಂಜೆ ನಮ್ಮನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ಬಂದವನು, ನಾನು ಸಪ್ಪಗಿದ್ದದ್ದು ನೋಡಲಾರದೆಯೋ ಏನೋ, ಈಸ್ಟರ್ ಪೂಜೆಗೆ ನೀವೇ ಒಂದು ಹಾಡು ಹಾಡಬೇಕು ಭಾವ ಎಂದ. ಮನುಷ್ಯನಿಗೆ ಅಂದೇ ಬುದ್ಧಿ ಬಂದಿರುವಾಗ ಏನು ಹೇಳಬೇಕೆಂದು ನನಗೂ ಗೊತ್ತಿತ್ತು. ಬೇಡಪ್ಪ, ನಾನು ಸುಮ್ಮನೆ ಕುಳಿತು ಕೇಳುತ್ತೇನೆ ಎಂದು ವಿನಯದಿಂದ ಹೇಳಲು ಬಾಯಿ ತೆರೆದೆ. ಯಾವ ಹಾಡು ಎಂದು ಕೇಳಿಬಿಟ್ಟೆ. ಬಸ್ಸಿನ ಕಿಟಕಿಯ ಪಕ್ಕ ಕುಳಿತಿದ್ದ ಫಿಲೋಮಿನಾ ಮೆಲ್ಲಗೆ ಶಿಲುಬೆಯ ಗುರುತು ಹಾಕಿಕೊಂಡಳು.